ಅಕ್ಕಾರ, ಇಲ್ಲಿ ನೋಡ್ರಿ

ನಮ್ಮ ಕಸುಬಿನಲ್ಲಿ ಕಣ್ಣಿಗಿಂತ ಬಾಯಿ ದೊಡ್ಡದು. ಬೆಟಗೇರಿಯಲ್ಲಿ ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ದತ್ತೋಪಂತ ಮಾಸ್ತರರು ಹೇಳುತ್ತಿದ್ದ ಮಾತಿದು. ಅವರ ಸ್ಟುಡಿಯೋ ಎಂದರೆ ಒಂದು ಕತ್ತಲೆ ಕೋಣೆ, ಒಂದು ಬಣ್ಣದ ಪರದೆ, ಕೈ ಮುರಿದ ಒಂದು ಕುರ್ಚಿ. ಪರದೆಯ ಮೇಲೆ ಬರೆಸಿದ್ದ ಸರೋವರದಲ್ಲಿ ಎರಡು ಹಂಸಗಳಿದ್ದವು. ಗದಗ ಸೀಮೆಯ ಅರ್ಧ ಜನ ಆ ಹಂಸಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ನಾನು ಹೊಸದರಲ್ಲಿ ಲೆನ್ಸು, ಬೆಳಕು ಎಂದು ಏನೇನೋ ಕೇಳಿದರೆ ಮಾಸ್ತರರು ಎಲೆ ಅಡಿಕೆ ಜಗಿಯುತ್ತ, "ಲೇ ಮಲ್ಲ್ಯಾ, ಬೆಳಕು ಸೂರ್ಯಾ ಕೊಡ್ತಾನ. ನೀ ಮೊದಲ ಮಂದೀನ ಕರಿಯೂದು ಕಲಿ. ಬಾಯಿ ಇದ್ದಂವ ಫೋಟೋಗ್ರಾಫರ, ಬಾಯಿ ಇಲ್ಲದಂವ ಕ್ಯಾಮೆರಾದ ಸ್ಟ್ಯಾಂಡು," ಎನ್ನುತ್ತಿದ್ದರು.

ಆಗಿನ ಕಾಲಕ್ಕೆ ಅದು ಖರೆಯೇ. ಕ್ಯಾಮೆರಾ ಕಂಡರೆ ಹೆಣ್ಣುಮಕ್ಕಳು ನೆಲ ನೋಡುತ್ತಿದ್ದರು, ಗಂಡಸರು ಆಕಾಶ ನೋಡುತ್ತಿದ್ದರು, ಮಕ್ಕಳು ಅಳುತ್ತಿದ್ದವು. ಅವರೆಲ್ಲರನ್ನೂ ಒಂದೇ ಕೂಗಿಗೆ ಒಂದೇ ಕಡೆ ತಿರುಗಿಸಬೇಕು, ತಿರುಗಿದ ಗಳಿಗೆಯಲ್ಲೇ ಬಟನ್ ಒತ್ತಬೇಕು. ನನ್ನ ಗಂಟಲು ದೇವರು ಕೊಟ್ಟ ಗಂಟಲು. "ಇಲ್ಲಿ ನೋಡ್ರಿ!" ಎಂದರೆ ಲಗ್ನಕ್ಕೆ ಬಂದವರಷ್ಟೇ ಅಲ್ಲ, ಅಡುಗೆಯವರೂ ಸೌಟು ಹಿಡಿದುಕೊಂಡು ತಿರುಗುತ್ತಿದ್ದರು. ಒಮ್ಮೆ ಶಿರಹಟ್ಟಿ ಸಂತೆಯಲ್ಲಿ ನಾನು ಬದನೆಕಾಯಿಯವನನ್ನು ಕರೆದ ದನಿ ಕೇಳಿಯೇ ಒಬ್ಬ ಅಜ್ಜಿ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ನಿಂತಳು. ನಾನು ಕೈಚೀಲ ಹಿಡಿದು ನಿಂತಿದ್ದೆ, ಕ್ಯಾಮೆರಾ ಮನೆಯಲ್ಲಿತ್ತು.

ಈಗ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಬಂದು ಯಾವ ಕಂಪನಿಯ ಕ್ಯಾಮೆರಾ ಕೊಳ್ಳಬೇಕು ಎಂದು ಕೇಳುತ್ತಾರೆ. ಬಾಯಿಯ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಬೇಕೆನಿಸಿದೆ. ಈ ಬಾಯಿಂದಲೇ ಹೊಟ್ಟೆ ಹೊರೆದೆ, ಈ ಬಾಯಿಂದಲೇ ಒಂದು ಫೋಟೋ ಕಳೆದುಕೊಂಡೆ. ಅದನ್ನು ಹೇಳುವ ಮೊದಲು ಒಂದೆರಡು ಬೇರೆ ಮಾತು ಹೇಳಿಬಿಡುತ್ತೇನೆ.

ಮುಂಡರಗಿಯ ಒಂದು ಲಗ್ನ. ಮಾಸ್ತರರು ಮೊದಲ ಸಲ ನನ್ನೊಬ್ಬನನ್ನೇ ಕಳಿಸಿದ್ದರು. ಮಂಗಳಾಷ್ಟಕ ಮುಗಿದು ಜನ ಅಕ್ಕಿಕಾಳು ಹಾಕುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾದಲ್ಲಿ ರೋಲು ಸಿಕ್ಕಿಕೊಂಡಿತು. ಬೆಳಕು ತಾಗದಂತೆ ಅಂಗಿಯ ಮರೆಯಲ್ಲಿ ಅದನ್ನು ಬಿಡಿಸಿ ತಲೆ ಎತ್ತುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು, ಜನ ಊಟದ ಪಂಕ್ತಿಯ ಕಡೆ ಹೊರಟಿದ್ದರು. ನನಗೆ ಕೈಕಾಲು ಆಡಲಿಲ್ಲ. ಆದರೆ ಬಾಯಿ ಆಡಿತು. "ಎಲ್ಲಾರೂ ನಿಂದರ್ರಿ! ಇನ್ನೊಮ್ಮೆ ಹಾಕ್ರಿ ಅಕ್ಕಿಕಾಳ!" ಎಂದು ಕೂಗಿದೆ. ಅಷ್ಟು ಮಂದಿಯೂ ತಿರುಗಿ ಬಂದರು. ನೆಲದ ಮೇಲಿನ ಅಕ್ಕಿಯನ್ನೇ ಬಳಿದುಕೊಂಡು ಮತ್ತೆ ಹಾಕಿದರು. ಮದುಮಗ ಕಟ್ಟಿದ್ದ ತಾಳಿಯನ್ನೇ ಹಿಡಿದು ಕಟ್ಟಿದಂತೆ ಮಾಡಿದ. ಲಗ್ನ ಮಾಡಿಸಿದ ಅಯ್ಯನವರು ಮಾತ್ರ ನನ್ನನ್ನು ಬದಿಗೆ ಕರೆದು, "ತಮ್ಮಾ, ಫೋಟೋ ಎರಡ ಸಲ ಆಗತಾವು, ಲಗ್ನ ಒಂದ ಸಲ ಆಗೂದು. ನೆಪ್ಪ ಇಟಗೋ," ಎಂದರು.

ನಾನು ನೆನಪಿಡಲಿಲ್ಲ. ಇಡಬೇಕಾದ ಪ್ರಸಂಗವೂ ಬರಲಿಲ್ಲ. ಮುಂದೆ ನಾನು "ಇನ್ನೊಮ್ಮೆ" ಎಂದಾಗಲೆಲ್ಲ ಜನ ಇನ್ನೊಮ್ಮೆ ಮಾಡಿದರು. ಶಾಸಕರು ರಿಬ್ಬನ್ ಇನ್ನೊಮ್ಮೆ ಕತ್ತರಿಸಿದರು, ತವರು ಬಿಟ್ಟು ಹೋಗುವ ಮಗಳು ಇನ್ನೊಮ್ಮೆ ಅತ್ತಳು. ಒಬ್ಬ ಮನುಷ್ಯನಿಗೆ ಇಂಥ ಅಧಿಕಾರ ಕೈಗೆ ಸಿಗಬಾರದು.

ಇನ್ನೊಂದು ಯಳವತ್ತಿಯದು. ಅಲ್ಲಿ ಒಬ್ಬ ದೊಡ್ಡ ಒಕ್ಕಲುತನದ ಮನೆಯ ಅಜ್ಜ ತೀರಿಕೊಂಡಿದ್ದರು. ನಮ್ಮ ಕಡೆ ಲಿಂಗಾಯತರಲ್ಲಿ ಹೋದವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿ ಪೂಜೆ ಮಾಡುತ್ತಾರೆ. ಮನೆಯವರೆಲ್ಲ ಸುತ್ತ ಕುಳಿತು ಕಡೆಯ ಫೋಟೋ ತೆಗೆಸಿಕೊಳ್ಳುವುದೂ ಇತ್ತು. ಅಜ್ಜನ ತಲೆಗೆ ಹೊಸ ಪಟಗ ಸುತ್ತಿದ್ದರು. ಮಕ್ಕಳು ಮೊಮ್ಮಕ್ಕಳು ಸುತ್ತ ಕುಳಿತರು. ನಾನು ಕ್ಯಾಮೆರಾದೊಳಗೆ ನೋಡಿದೆ. ಎಲ್ಲರ ಮುಖ ಸರಿ ಇದೆ, ನಡುವೆ ಕುಳಿತವರ ತಲೆ ಒಂದಿಷ್ಟು ವಾಲಿದೆ. ಅಷ್ಟೇ ಕಂಡಿದ್ದು ನನಗೆ. "ಅಜ್ಜಾರ, ಇಲ್ಲಿ ನೋಡ್ರಿ!" ಎಂದುಬಿಟ್ಟೆ.

ಭಜನೆಯವರ ತಾಳ ನಿಂತುಹೋಯಿತು. ನಾನು ಭೂಮಿ ಬಾಯಿ ಬಿಟ್ಟರೆ ಸಾಕು ಎಂದುಕೊಂಡು ನಿಂತೆ. ಆಗ ಅಜ್ಜನ ಹೆಂಡತಿ, ಅಷ್ಟೊತ್ತು ಗೋಡೆ ನೋಡುತ್ತ ಕುಳಿತಿದ್ದ ಅಜ್ಜಿ, "ನಾ ಜೀವಮಾನಪೂರ್ತಿ ಕರದೇನಿ ಯಪ್ಪಾ, ನನ್ನ ಕಡೆನ ತಿರಗಿ ನೋಡ್ಲಿಲ್ಲ. ನಿನ್ನ ಕಡೆ ಏನ ನೋಡ್ತಾನ!" ಎಂದಳು. ಅತ್ತು ಅತ್ತು ಸೋತಿದ್ದ ಮನೆ ಒಂದು ಗಳಿಗೆ ನಕ್ಕಿತು. ಅಜ್ಜಿ ನನ್ನ ಮಾನ ಉಳಿಸಿದಳು. ನಾನು ಈ ಕಥೆಯನ್ನು ಎಷ್ಟೋ ಕಡೆ ನಗುತ್ತ ಹೇಳಿದ್ದೇನೆ. ಸತ್ತವರನ್ನೂ ಕರೆಯುವಷ್ಟು ಈ ಚಟ ಬೆಳೆದಿದೆ ಎಂದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಕಸುಬು ಬದಲಾಯಿತು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ಸಿಡುಬಿನ ಕಲೆ ಮುಚ್ಚುತ್ತಿದ್ದ ಕಾಲ ಹೋಗಿ ಬಣ್ಣ ಬಂತು, ಬಣ್ಣದ ಹಿಂದೆ ಕಂಪ್ಯೂಟರ್ ಬಂತು. ಹಂಸಗಳ ಪರದೆಯನ್ನು ಇಲಿ ತಿಂದವು. ಮಾಸ್ತರರು ತೀರಿಕೊಂಡ ಮೇಲೆ ಅಂಗಡಿ ನನ್ನದಾಯಿತು. ಮೊಬೈಲು ಬಂದ ಮೇಲೆ ಪಾಸ್‌ಪೋರ್ಟ್ ಫೋಟೋಕ್ಕಷ್ಟೇ ಜನ ಒಳಗೆ ಬರತೊಡಗಿದರು. ಏನೇ ಬದಲಾದರೂ ನನ್ನ ಕೂಗು ಬದಲಾಗಲಿಲ್ಲ.

ಈಗ ಗಂಗವ್ವಕ್ಕನ ವಿಷಯಕ್ಕೆ ಬರುತ್ತೇನೆ. ಲಕ್ಷ್ಮೇಶ್ವರದಲ್ಲಿ ಹತ್ತಿಯ ವ್ಯಾಪಾರದ ಮನೆತನ ಆಕೆಯದು. ತಾಯಿ ಬೇಗ ಹೋದದ್ದರಿಂದ ತಮ್ಮ ಮಹಾಂತೇಶನನ್ನು ಬೆಳೆಸಿದವಳು ಆಕೆಯೇ. ಮದುವೆಯಾದ ಮೇಲೂ ಅದೇ ಊರಲ್ಲಿ ಇದ್ದು ತಮ್ಮನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಳು. ಹುಡುಗ ಅಂಗಡಿಯಲ್ಲಿ ಕುಳಿತು ತೂಕ ನೋಡಲಿ ಎಂದು ಆಕೆಯ ಆಸೆ. ಅವನು ಎಲ್ಲಿಂದಲೋ ಒಂದು ಗಿಟಾರು ತಂದು, ಅಟ್ಟದ ಮೇಲೆ ಹತ್ತಿಯ ಅಂಡಿಗೆಗಳ ನಡುವೆ ಕುಳಿತು ಕಿವಿ ಹರಿಯುವಂತೆ ಬಾರಿಸುತ್ತಿದ್ದ. ಒಂದು ದಿನ ಬೆಂಗಳೂರಿಗೆ ಹೋಗಿ ತನ್ನಂಥದೇ ನಾಲ್ಕು ಮಂದಿಯನ್ನು ಕೂಡಿಕೊಂಡ. ಅವರ ಬ್ಯಾಂಡಿನ ಹೆಸರು ಕರಿಗಲ್ಲು. ಅವರು ಬಾರಿಸುತ್ತಿದ್ದುದಕ್ಕೆ ಹೆವಿ ಮೆಟಲ್ ಎನ್ನುತ್ತಾರಂತೆ. ಗಂಗವ್ವಕ್ಕ ಅದಕ್ಕೆ ಗದ್ದಲ ಎನ್ನುತ್ತಿದ್ದಳು.

ಆಕೆಯ ಮಗಳ ಲಗ್ನದ ಫೋಟೋ ನನ್ನದೇ. ಮನೆಮಂದಿಯ ಗುಂಪಿನ ಫೋಟೋ ಇರುತ್ತದಲ್ಲ, ಅದರಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವವನು ಫೋಟೋಗ್ರಾಫರ. ಮಾವಂದಿರು ಕುರ್ಚಿಯ ಮೇಲೆ, ಅಳಿಯಂದಿರು ಹಿಂದೆ, ಸಣ್ಣವರು ನೆಲದ ಮೇಲೆ. ಸಾಲು ಕೂಡಿಸುವ ಹೊತ್ತಿಗೆ ಮಹಾಂತೇಶ ಬಂದ. ಹೆಗಲ ತನಕ ಕೂದಲು, ಕರೀ ಅಂಗಿ, ಅಂಗಿಯ ಮೇಲೆ ತಲೆಬುರುಡೆಯ ಚಿತ್ರ. ಸೋದರಮಾವ ಅವನು, ಮದುಮಗಳ ಪಕ್ಕದ ಜಾಗ ಅವನದು. ಗಂಗವ್ವಕ್ಕ ನನ್ನ ಹತ್ತಿರ ಬಂದು ಮೆಲ್ಲಗೆ, "ಮಲ್ಲಣ್ಣಾರ, ಬೀಗರು ನೋಡಾಕತ್ತಾರ. ಅವನ್ನ ಬದಿಗೆ ನಿಂದರಸ್ರಿ, ಫೋಟೋದಾಗ ಬರದಂಗ," ಎಂದಳು.

ನನಗೇನು, ಗಿರಾಕಿ ಹೇಳಿದ್ದು. "ಮಾಂತೇಶಪ್ಪಾ, ನೀ ಇತ್ತಾಗ ಬಾ, ಇನ್ನೊಂದೀಟು, ಇನ್ನೊಂದೀಟು," ಎನ್ನುತ್ತ ಅವನನ್ನು ಚೌಕಟ್ಟಿನ ಹೊರಗೆ ತಂದು ನಿಲ್ಲಿಸಿ, ಉಳಿದವರನ್ನು "ಇಲ್ಲಿ ನೋಡ್ರಿ" ಎಂದು ಕೂಗಿದೆ. ಅವನೂ ನಗುಮುಖ ಮಾಡಿ ಕ್ಯಾಮೆರಾ ನೋಡುತ್ತಿದ್ದ. ತಾನು ಫೋಟೋದಲ್ಲಿ ಇಲ್ಲ ಎಂದು ಅವನಿಗೆ ತಿಳಿದದ್ದು ಅಲ್ಬಮ್ ನೋಡಿದ ದಿನ. ಅಂದಿನಿಂದ ಅವನು ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ, ಆಕೆಯೂ ಕರೆಯಲಿಲ್ಲ. ಆ ಮದುಮಗಳ ಮಗನಿಗೆ ಈಗ ಮೀಸೆ ಬಂದಿದೆ.

ಮೂರ್ನಾಲ್ಕು ವರ್ಷದ ಕೆಳಗೆ ಮಹಾಂತೇಶ ನನ್ನ ಅಂಗಡಿಗೆ ಬಂದ. ಕೂದಲು ಅಷ್ಟೇ ಉದ್ದ, ಆದರೆ ಅರ್ಧ ನರೆತಿತ್ತು. ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎಡಗೈ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ನರದ್ದ ಬ್ಯಾನಿ ಅಂತ್ರಿ," ಎಂದ. "ಡಾಕ್ಟರು ಬಾರಸೂದು ಸಾಕ ಮಾಡು ಅಂದಾರ. ಕಡೀ ಪ್ರೋಗ್ರಾಮು ನಮ್ಮ ಗದಗಿನ್ಯಾಗ ಇಟ್ಟೀನಿ. ಫೋಟೋಕ್ಕ ನೀವ ಬರಬೇಕು."

"ಬೆಂಗಳೂರಾಗ ನಿಮಗ ಫೋಟೋದವರಿಗೇನು ಬರಗಾಲ?" ಎಂದೆ.

"ಅವರು ತಗದದ್ದು ರಗಡ ಅದಾವ. ಎಲ್ಲಾದ್ರಾಗೂ ನಾ ಒಬ್ಬನ." ಅವನು ಗ್ಲಾಸನ್ನು ಮೇಜಿನ ಮೇಲಿಟ್ಟ. "ಅಕ್ಕನ ಫೋಟೋದಾಗಿಂದ ನನ್ನ ಹೊರಗ ನಿಂದರಿಸಿದ್ರಿ ಮಲ್ಲಣ್ಣಾರ. ನಾ ಸಿಟ್ಟ ಮಾಡಾಕ ಬಂದಿಲ್ಲ. ಈಗ ನನ್ನ ಫೋಟೋದಾಗ ಅಕ್ಕನ್ನ ಕರಕೊಂಡ ಬರ್ರಿ. ನಾ ಬಾರಸ್ತಿರಬೇಕು, ಆಕಿ ಅಲ್ಲಿ ಇರಬೇಕು. ಒಂದ ಫೋಟೋ. ಇನ್ನ ಮ್ಯಾಲೆ ಈ ಕೈ ಬಾರಸೂದಿಲ್ಲ."

ಮರುದಿನವೇ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ಗಂಗವ್ವಕ್ಕ ಅಂಗಡಿಯ ಗಾದಿಯ ಮೇಲೆ ಕುಳಿತಿದ್ದಳು. ಗಂಡ ಹೋದ ಮೇಲೆ ವ್ಯಾಪಾರ ಆಕೆಯೇ ನೋಡುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಬರುತ್ತೇನೆ ಎನ್ನಲಿಲ್ಲ, ಒಲ್ಲೆ ಎನ್ನಲಿಲ್ಲ. ಹತ್ತಿಯ ಕಾಳು ಬಿಡಿಸುತ್ತ ಬಿಡಿಸುತ್ತ ಒಂದೇ ಮಾತು ಕೇಳಿದಳು: "ಬಾರಸೂ ಮುಂದ ಅವನ ಮಾರಿ ಹೆಂಗ ಇರತೈತ್ರಿ? ಅಟ್ಟದಾಗ ಕದಾ ಹಾಕ್ಕೊಂಡ ಬಾರಸ್ತಿದ್ದ. ನಾ ಒಮ್ಮಿನೂ ನೋಡಿಲ್ಲ."

ಬಾರಿಸುವಾಗ ಅವನ ಮುಖ ಹೇಗಿರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. "ಬಂದು ನೋಡ್ರೆಲಾ ಅಕ್ಕಾರ," ಎಂದು ಎದ್ದು ಬಂದೆ.

ನಮ್ಮ ಕಡೆ ಬ್ಯಾಂಡ್ ಎಂದರೆ ಲಗ್ನದಲ್ಲಿ ಕೆಂಪು ಕೋಟು ಹಾಕಿಕೊಂಡು ಊದುವವರು. ಗದಗದ ಗೋಡೆಗಳ ಮೇಲೆ ಕರಿಗಲ್ಲಿನ ಪೋಸ್ಟರು ಬಿದ್ದಾಗ ಜನ ಅದನ್ನು ಓದಲಾರದೆ ಕಷ್ಟಪಟ್ಟರು, ಅಕ್ಷರಗಳೆಲ್ಲ ಜಾಲಿಮುಳ್ಳಿನ ಹಾಗೆ ಇದ್ದವು. ಕಾರ್ಯಕ್ರಮ ಮುಚ್ಚಿಹೋದ ಒಂದು ಜಿನ್ನಿನ, ಎಂದರೆ ಹತ್ತಿ ಬಿಡಿಸುವ ಕಾರ್ಖಾನೆಯ, ಅಂಗಳದಲ್ಲಿ. ಮಧ್ಯಾಹ್ನವೇ ಹೋಗಿ ನೋಡಿದರೆ ಆಳೆತ್ತರದ ಸ್ಪೀಕರುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಬ್ಯಾಂಡಿನ ಮ್ಯಾನೇಜರು ಬೆಂಗಳೂರಿನ ಒಬ್ಬ ಸಭ್ಯ ಮನುಷ್ಯ. ಕಿವಿಗೆ ಹಾಕಿಕೊಳ್ಳಲು ಎರಡು ಬೆಂಡು ಕೊಟ್ಟು ನನಗೆ ಪಾಠ ಹೇಳಿದ. "ಅಂಕಲ್, ಫ್ಲ್ಯಾಶ್ ಬೇಡ. ಸ್ಟೇಜಿನ ಬಲಗಡೆ ಮೆಟ್ಟಿಲ ಹತ್ತಿರ ನಿಂತ್ಕೊಳ್ಳಿ, ಬೇರೆ ಯಾರನ್ನೂ ಅಲ್ಲಿಗೆ ಬಿಡಲ್ಲ. ಇನ್ನೊಂದು ಮಾತು, ಯಾರನ್ನೂ ಕರೀಬೇಡಿ. ಪೋಸ್ ಕೇಳ್ಬೇಡಿ. ಅವರು ನುಡಿಸ್ತಾ ಇರ್ತಾರೆ, ನೀವು ಕಾಯ್ತಾ ಇರಿ, ಅಷ್ಟೇ."

ಆತು ಎಂದೆ. ಮನಸ್ಸಿನಲ್ಲಿ, ಇವನು ನನಗೆ ಕಲಿಸುತ್ತಾನೆಯೇ ಎಂದುಕೊಂಡೆ.

ಸಂಜೆಗೆ ಅಂಗಳ ತುಂಬಿತು. ಮುಂದೆ ಕಾಲೇಜಿನ ಹುಡುಗ ಹುಡುಗಿಯರು, ನಡುವೆ ಬೆಟಗೇರಿಯ ನೇಕಾರರು, ಕಟ್ಟಕಡೆಗೆ ಸಂತೆಗೆ ಬಂದು ಬಸ್ಸು ತಪ್ಪಿಸಿಕೊಂಡ ಹಳ್ಳಿಯವರು. ಹೊತ್ತು ಇಳಿಯುತ್ತಿದ್ದ ಹಾಗೆ ಅವರು ಶುರು ಮಾಡಿದರು. ಮೊದಲ ಏಟಿಗೆ ಜಿನ್ನಿನ ತಗಡಿನ ಮಾಳಿಗೆಯಿಂದ ಪಾರಿವಾಳಗಳೆಲ್ಲ ಎದ್ದುಹೋದವು. ನನ್ನ ಎದೆಗೂಡಿನೊಳಗೆ ಯಾರೋ ಒನಕೆ ಹಾಕಿದಂತಾಯಿತು. ಸೊರಟೂರಿನ ಒಬ್ಬ ರೈತ ತನ್ನ ಜೊತೆಯವನ ಕಿವಿಯಲ್ಲಿ, "ಇದನ್ನ ಹೊಲದಾಗ ಹಚ್ಚಿದ್ರ ಹಂದಿ ಈ ಕಡೆ ಹಾಯೂದಿಲ್ಲ ನೋಡಪಾ," ಎಂದು ಕೂಗಿದನಂತೆ. ಆದರೆ ಅವನೂ ಬಿಟ್ಟು ಹೋಗಲಿಲ್ಲ, ಹೆಗಲ ಮೇಲಿನ ಟವಲು ಆಡಿಸುತ್ತ ನಿಂತಿದ್ದ.

ನಾನು ಒಳ್ಳೆಯ ಕೆಲಸ ಮಾಡಿದೆ. ಜಂಬವಲ್ಲ, ಆ ಫೋಟೋಗಳು ಈಗಲೂ ಇವೆ. ಡ್ರಮ್ಮು ಬಾರಿಸುವವನ ಕೂದಲಿನಿಂದ ಬೆವರು ಸಿಡಿಯುವುದು, ಹಾಡುವವನ ಕುತ್ತಿಗೆಯ ನರ, ಹುಡುಗರ ತಲೆಗಳು ಜೋಳದ ಹೊಲದ ಹಾಗೆ ಒಂದೇ ಕಡೆ ಬಾಗುವುದು. ಅವರಿಗೂ ವಯಸ್ಸಾಗಿತ್ತು. ಹಾಡು ಹಾಡಿನ ನಡುವೆ ಹಾಡುವವನು ಸೊಂಟ ಹಿಡಿದುಕೊಂಡು ನೀರು ಕುಡಿಯುತ್ತಿದ್ದ, ಮತ್ತೆ ಶುರುವಾದರೆ ಇಪ್ಪತ್ತರ ಹುಡುಗ. ನನಗೆ ಅವರ ಮೇಲೆ ಪ್ರೀತಿ ಬಂತು. ಅಷ್ಟು ಹೊತ್ತೂ ನಾನು ಬಾಯಿ ತೆರೆಯಲಿಲ್ಲ. ಮ್ಯಾನೇಜರು ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದ.

ಗಂಗವ್ವಕ್ಕ ಬಂದಿದ್ದಳು. ಅಳಿಯನ ಜೊತೆ ಕಾರಿನಲ್ಲಿ ಬಂದು, ಮ್ಯಾನೇಜರಿಗೆ ಹೇಳಿ ನನ್ನ ಬದಿಯಲ್ಲೇ ಒಂದು ಕುರ್ಚಿ ಹಾಕಿಸಿಕೊಂಡು ಇಳಕಲ್ ಸೀರೆಯಲ್ಲಿ ಕುಳಿತಿದ್ದಳು. ಎರಡೂ ಕಿವಿಗೆ ತನ್ನ ಅಂಗಡಿಯ ಅರಳೆ ತುರುಕಿಕೊಂಡಿದ್ದಳು. ಮಹಾಂತೇಶ ಆಕೆಯನ್ನು ನೋಡಿದ್ದ. ನೋಡಿದ ಮೇಲೆ ಆ ಕಡೆ ತಿರುಗಲೇ ಇಲ್ಲ.

ಕಡೆಯ ಹಾಡಿನ ನಡುವೆ ಎಲ್ಲರೂ ನಿಲ್ಲಿಸಿದರು. ಡ್ರಮ್ಮು ನಿಂತಿತು, ಹಾಡುವವನು ಹಿಂದೆ ಸರಿದ. ಮಹಾಂತೇಶ ಒಬ್ಬನೇ, ಕಣ್ಣು ಮುಚ್ಚಿ, ಗಿಟಾರಿನಲ್ಲಿ ನಿಧಾನಕ್ಕೆ ಏನನ್ನೋ ನುಡಿಸತೊಡಗಿದ. ಅದು ಗದ್ದಲವಾಗಿರಲಿಲ್ಲ. ಒಂದೊಂದು ಸ್ವರವೂ ಹೊರಗೆ ಬರಲೋ ಬೇಡವೋ ಎಂದು ಕೇಳಿಕೊಂಡು ಬರುವಂತಿತ್ತು. ನಡುಗುವ ಬೆರಳು ತಂತಿಯ ಮೇಲೆ ಒತ್ತಿದಾಗ ಸ್ವರವೂ ನಡುಗುತ್ತಿತ್ತು. ಅಷ್ಟು ದೊಡ್ಡ ಅಂಗಳ ಉಸಿರು ಹಿಡಿದು ನಿಂತಿತು.

ಗಂಗವ್ವಕ್ಕ ಕಿವಿಯ ಅರಳೆ ತೆಗೆದಳು. ಕೇಳಿದಳು. ಆಮೇಲೆ ಎದ್ದು, ಯಾರನ್ನೂ ಕೇಳದೆ, ನನ್ನ ಪಕ್ಕದ ಮೆಟ್ಟಿಲು ಹತ್ತಿ ಸ್ಟೇಜಿನ ಮೇಲೆ ಹೋದಳು. ತಡೆಯಲು ಬಂದವನನ್ನು ಮ್ಯಾನೇಜರು ಕೈ ಹಿಡಿದು ನಿಲ್ಲಿಸಿದ. ಆಕೆ ತಮ್ಮನ ಎದುರಿಗೆ ನಿಂತಳು. ಅವನು ಕಣ್ಣು ಬಿಟ್ಟ. ಕೈ ನಿಲ್ಲಲಿಲ್ಲ, ಬಾರಿಸುತ್ತಲೇ ಆಕೆಯನ್ನು ನೋಡಿದ. ಆಕೆ ಎರಡೂ ಕೈ ಎತ್ತಿ ಅವನ ನರೆತ ಕೂದಲು, ಹಣೆ, ಗಲ್ಲ, ಎಲ್ಲವನ್ನೂ ಮೇಲಿಂದ ಕೆಳಗೆ ಸವರಿದಳು. ನಮ್ಮ ಕಡೆಯ ಹೆಣ್ಣುಮಕ್ಕಳು ಮಕ್ಕಳ ದೃಷ್ಟಿ ತೆಗೆಯುವುದೇ ಹಾಗೆ. ಮುಖ ಸವರಿ, ಆ ಕೈಗಳನ್ನು ತಮ್ಮ ಕಪಾಲಕ್ಕೆ ಒತ್ತಿ ಲಟಲಟ ಎಂದು ನೆಟಿಗೆ ಮುರಿಯುತ್ತಾರೆ. ಮಗುವಿನ ಮೇಲೆ ಬಿದ್ದ ಕೆಟ್ಟ ಕಣ್ಣು ಅಲ್ಲಿಗೆ ಮುರಿಯಿತು ಎಂದು ಲೆಕ್ಕ.

ನನ್ನ ಕ್ಯಾಮೆರಾದಲ್ಲಿ ಅಷ್ಟೂ ಇತ್ತು. ಹಿಂದಿನ ದೀಪ ಇಬ್ಬರ ನಡುವೆ ಹಾದು ಬರುತ್ತಿತ್ತು. ತಂತಿಯ ಮೇಲೆ ಅವನ ಬೆರಳು, ಅವನ ಗಲ್ಲದ ಮೇಲೆ ಆಕೆಯ ಕೈ. ಅವನು ಆಕೆಯನ್ನು ನೋಡುತ್ತಿದ್ದ, ಆಕೆ ಅವನನ್ನು ನೋಡುತ್ತಿದ್ದಳು. ಅವನು ಕೇಳಿದ್ದ ಫೋಟೋ ಅದೇ. ನನ್ನ ಬೆರಳು ಬಟನ್ ಮೇಲೇ ಇತ್ತು.

ಒತ್ತಲಿಲ್ಲ. ಯಾಕೆಂದರೆ ನನಗೆ ಕಾಣುತ್ತಿದ್ದುದು ಇಬ್ಬರ ಅರ್ಧರ್ಧ ಮುಖ. ಒಂದು ಕಿವಿ, ಒಂದು ಕಣ್ಣು. ನನ್ನ ಕಸುಬಿನಲ್ಲಿ ಅದು ಕೆಟ್ಟ ಫೋಟೋ. ಮುಖ ಪೂರ್ತಿ ಬಾರದ ಫೋಟೋವನ್ನು ದತ್ತೋಪಂತ ಮಾಸ್ತರರು ಹರಿದು ಬುಟ್ಟಿಗೆ ಹಾಕುತ್ತಿದ್ದರು. ಇಬ್ಬರೂ ತಿರುಗಲಿ ಎಂದು ಕಾಯುತ್ತಿದ್ದೆ. ಅವರು ತಿರುಗಲಿಲ್ಲ. ಆಕೆಯ ಕೈ ಅವನ ಗಲ್ಲ ಬಿಟ್ಟು ತನ್ನ ಕಪಾಲದ ಕಡೆ ಹೊರಟಿತು. ಇನ್ನು ಮುಗಿದೇಹೋಗುತ್ತದೆ ಎನಿಸಿತು. ಬಾಯಿ ತಾನಾಗಿಯೇ ತೆರೆಯಿತು.

"ಅಕ್ಕಾರ, ಇಲ್ಲಿ ನೋಡ್ರಿ!"

ಡ್ರಮ್ಮು ಇದ್ದಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. ಆ ನಿಶ್ಶಬ್ದದಲ್ಲಿ ಅದು ಜಿನ್ನಿನ ಗೋಡೆಗೆ ಬಡಿದು ತಿರುಗಿ ಬಂತು. ಗಂಗವ್ವಕ್ಕ ಬೆಚ್ಚಿದಳು. ಎತ್ತಿದ ಕೈ ಕೆಳಗಿಳಿಸಿದಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು, ನನ್ನ ಕಡೆ ತಿರುಗಿ ನೆಟ್ಟಗೆ ನಿಂತಳು. ಮಹಾಂತೇಶನೂ ಹಾಗೆಯೇ. ಸಣ್ಣಂದಿನಿಂದ ಎಲ್ಲ ಫೋಟೋದವರ ಬಾಯಲ್ಲೂ ಕೇಳಿದ ಕೂಗಲ್ಲವೇ ಅದು, ಅವನ ಕೈ ತಂತಿ ಬಿಟ್ಟಿತು. ಸ್ವರ ಅರ್ಧಕ್ಕೆ ನಿಂತಿತು. ಗಿಟಾರನ್ನು ಬದಿಗೆ ಸರಿಸಿ ಅಕ್ಕನ ಪಕ್ಕಕ್ಕೆ ಬಂದು ನಿಂತ.

ಆಗ ಬಟನ್ ಒತ್ತಿದೆ. ಬೆಳಕು ಚೆನ್ನಾಗಿತ್ತು. ಯಾರ ಕಣ್ಣೂ ಮುಚ್ಚಿರಲಿಲ್ಲ.

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಆಕೆ ನಾಚಿಕೊಂಡು ಮೆಟ್ಟಿಲು ಇಳಿದಳು. ಮಹಾಂತೇಶ ಮತ್ತೆ ತಂತಿಗೆ ಕೈ ಹಚ್ಚಿದ. ನಿಂತ ಜಾಗ ಬೆರಳಿಗೆ ಸಿಗಲಿಲ್ಲ. ಎರಡು ಸಲ ತಡಕಾಡಿದ. ಡ್ರಮ್ಮಿನವನು ಅವನ ಮುಖ ನೋಡಿ ದೊಡ್ಡದಾಗಿ ಶುರು ಮಾಡಿ ಹಾಡನ್ನು ಮುಗಿಸಿಬಿಟ್ಟ. ಮ್ಯಾನೇಜರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲ ಮುಗಿದ ಮೇಲೆ ಮಹಾಂತೇಶ ಕ್ಯಾಮೆರಾ ಇಸಿದುಕೊಂಡು ಅದರ ಬೆನ್ನಿನ ಸಣ್ಣ ಪರದೆಯಲ್ಲಿ ಆ ಫೋಟೋ ನೋಡಿದ. ಬಹಳ ಹೊತ್ತು ನೋಡಿದ.

"ಚಲೋ ಬಂದೈತ್ರಿ," ಎಂದ. "ಇಬ್ಬರೂ ಅದೀವಿ." ಆಮೇಲೆ ಹಿಂದು ಮುಂದಿನ ಫೋಟೋಗಳನ್ನೂ ನೋಡಿದ. "ಇದಕ್ಕಿಂತ ಮದ್ಲಿಂದು ಇಲ್ಲೇನ್ರಿ?"

"ಇಲ್ಲಪಾ. ನಾಳೆ ಅಕ್ಕಾರನ್ನ ಇನ್ನೊಮ್ಮೆ ಕರಸೋಣು. ಇಲ್ಲೇ, ಹಿಂಗ ದೀಪಾ ಹಚ್ಚಿ..." ಎಂದೆ. ಹೇಳುತ್ತಿರುವಾಗಲೇ ನನ್ನ ನಾಲಿಗೆಯ ಮೇಲೆ ನನಗೇ ಹೇಸಿಕೆ ಬಂತು.

"ಇನ್ನೊಮ್ಮೆ ಎಲ್ಲೈತ್ರಿ ಮಲ್ಲಣ್ಣಾರ," ಎಂದು ಅವನು ತನ್ನ ಎಡಗೈ ನೋಡಿಕೊಂಡ.

ಈಗಿನ ಕಾಲದಲ್ಲಿ ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ ಯಾರಾದರೂ ತೆಗೆದಿರಬೇಕಲ್ಲ ಎಂದು ನೀವು ಕೇಳಬಹುದು. ನಾನೂ ಹುಡುಕಿದೆ. ಕಾಲೇಜಿನ ಹುಡುಗರ ಬೆನ್ನು ಹತ್ತಿ ಸಿಕ್ಕಷ್ಟು ವಿಡಿಯೋ ನೋಡಿದೆ. ಅವರೆಲ್ಲ ಸ್ಟೇಜಿನ ಮುಂದೆ, ಕೆಳಗೆ ನಿಂತವರು. ಅಲ್ಲಿಂದ ಗಂಗವ್ವಕ್ಕನ ಬೆನ್ನು ಕಾಣುತ್ತದೆ, ಹಿಂದಿನ ದೀಪಕ್ಕೆ ಉಳಿದದ್ದೆಲ್ಲ ಬೆಳ್ಳಗಾಗಿದೆ. ಇಬ್ಬರ ಮುಖವೂ ಕಾಣುವ ಜಾಗ ಆ ಅಂಗಳದಲ್ಲಿ ಒಂದೇ ಇತ್ತು, ಅಲ್ಲಿ ನಾನಿದ್ದೆ. ಆದರೆ ಎಲ್ಲ ವಿಡಿಯೋಗಳಲ್ಲೂ ಒಂದು ಮಾತ್ರ ಸ್ಪಷ್ಟವಾಗಿದೆ. ಗಿಟಾರಿನ ಸಣ್ಣ ದನಿ, ಅದರ ಮೇಲೆ ನನ್ನ ಕೂಗು, ಆಮೇಲೆ ಏನೂ ಇಲ್ಲ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ನಿಮಗೆ ಕರೆಯುವ ಹಕ್ಕಿದೆ ಎಂದುಕೊಳ್ಳಬೇಡಿ. ಮನುಷ್ಯರು ಒಬ್ಬರನ್ನೊಬ್ಬರು ನೋಡುತ್ತಿರುವಾಗ ಅವರಿಗೆ ನಿಮ್ಮ ಹಂಗಿಲ್ಲ. ಅರ್ಧ ಮುಖ ಬಂದರೆ ಬರಲಿ, ಬೆನ್ನು ಬಂದರೂ ಬರಲಿ. ಬಾಯಿ ಮುಚ್ಚಿಕೊಂಡು ಬಟನ್ ಒತ್ತಿ. ನನಗೆ ಇದು ಗೊತ್ತಾಗುವ ಹೊತ್ತಿಗೆ ಕಸುಬೇ ಮುಗಿದಿತ್ತು.

ಅಂಗಡಿ ಬಿಟ್ಟುಕೊಡುವ ವಾರ ಗಂಗವ್ವಕ್ಕ ಬಂದಳು. ಗೋಡೆಯ ಚೌಕಟ್ಟುಗಳನ್ನೆಲ್ಲ ಇಳಿಸಿ ಕಟ್ಟುತ್ತಿದ್ದೆ. ಕ್ಯಾಮೆರಾಗಳು ಆಗಲೇ ಪೆಟ್ಟಿಗೆ ಸೇರಿದ್ದವು. ಆ ಫೋಟೋವನ್ನು ದೊಡ್ಡದು ಮಾಡಿ ಗಾಜು ಹಾಕಿಸಿ ಇಟ್ಟಿದ್ದೆ, ಅದನ್ನು ಒಯ್ಯಲು ಬಂದಿದ್ದಳು. ಮಹಾಂತೇಶ ಈಗ ಆಕೆಯ ಮನೆಯಲ್ಲೇ ಇದ್ದಾನೆ ಎಂದಳು.

"ಕೈ ಹೆಂಗೈತ್ರಿ?" ಎಂದೆ.

"ಉಣ್ಣಾಕ ನಾ ಕಲಸಿ ಕೊಡತೀನಿ. ಸಣ್ಣಂವ ಇದ್ದಾಗಿನಂಗ ಆತು." ಆಕೆ ಫೋಟೋವನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಿದಳು. "ಇದರಾಗ ಸಾಲಿ ಹುಡುಗರಂಗ ನಿಂತೀವಿ ನೋಡ್ರಿ. ಹಿಂಗ ನಿಂತಾವು ಮನ್ಯಾಗ ಭಾಳ ಅದಾವ. ಅವ ಬಾರಸಾಕತ್ತಿದ್ದನಲ್ಲಾ, ಆ ಮಾರಿ... ಅದು ಬಂದಿಲ್ಲೇನ್ರಿ?"

"ಇಲ್ರಿ ಅಕ್ಕಾರ. ನಾ ಕರೀಬಾರದಿತ್ತು."

"ನೀವು ಕರದ್ರಿ, ನಾವೂ ತಿರಗಿದ್ವಿ. ಅವತ್ತ ನಾನೂ ಬೀಗರ ಮಾರಿ ನೋಡಿದ್ನೆಲ್ಲ, ಅವನ ಮಾರಿ ನೋಡೂದ ಬಿಟ್ಟ," ಎಂದಳು. ಲಗ್ನದ ದಿನದ ಮಾತು ಆಕೆ ಎತ್ತಿದ್ದು ಅದೊಂದೇ ಸಲ. "ದೃಷ್ಟಿ ತಗಿಯೂದು ಮಾತ್ರ ಅರ್ಧಾಕ ಉಳೀತ್ರಿ. ಮನ್ಯಾಗ ತಗೀತೀನಂದ್ರ ಒಲ್ಲೆ ಅಂತಾನ. ಈಗ ನನಗ್ಯಾಕ ದೃಷ್ಟಿ ಹತ್ತತೈತಿ ಅಂತಾನ."

ಹಾಗೆನ್ನುತ್ತ ಆಕೆ ಎರಡೂ ಕೈ ಮುಂದೆ ಚಾಚಿ ಗಾಜಿನ ಮೇಲೆ ತಮ್ಮನ ಮುಖವನ್ನು ಮೇಲಿಂದ ಕೆಳಗೆ ಸವರಿದಳು. ಕೈಗಳನ್ನು ಹಿಂದಕ್ಕೆ ತಂದು ಕಪಾಲಕ್ಕೆ ಒತ್ತಿದಳು. ನಾನು ಉಸಿರು ಬಿಡದೆ ನಿಂತಿದ್ದೆ. ಖಾಲಿ ಅಂಗಡಿಯಲ್ಲಿ ಹತ್ತೂ ಬೆರಳು ಲಟಲಟ ಎಂದು ಮುರಿದದ್ದು ಕೇಳಿಸಿತು. ಆಕೆ ಕಣ್ಣು ತುಂಬಿಕೊಂಡು ಅವನನ್ನೇ ನೋಡುತ್ತಿದ್ದಳು. ಗಾಜಿನೊಳಗೆ ಅವನು ನನ್ನ ಕಡೆ ನೋಡುತ್ತಿದ್ದ.